ಮಾದೇವನ ಜಪಾನ್ ತೋಟ, ಪುಟ್ಟಸ್ವಾಮಿಯ ದೇವರು

ನಂಬೋಕೆ ಆಗ್ತಿಲ್ಲ…
ಬೆಳಿಗ್ಗೆ ಗಿರಣಿ ಬಾಗಿಲು ತೆಗೆದು ಸ್ವಿಚ್ ಹಾಕಿದವನು, ರಾಗಿ ತಂದವರ ಮುಂದೆಯೇ ಕುಸಿದನಂತೆ.
ಹಾರ್ಟ್ ಅಟ್ಯಾಕ್.
ಆಸ್ಪತ್ರೆ ಸೇರುವ ಮೊದಲೇ ಎಲ್ಲ ಮುಗಿದಿತ್ತು…

ನಮ್ಮ ಮಹದೇವ ಇನ್ನಿಲ್ಲ.
ಚನ್ನಪಟ್ಟಣದವರಿಗೆ ಹಿಟ್ಟಿನ ಗಿರಣಿ ಮಾದೇವ. ನನಗೆ ಐಟಿಐ ದಿನಗಳಿಂದ ಪಕ್ಕದಲ್ಲೇ ಕೂತವನು.

ಈ ಪೋಸ್ಟ್ ಅಳೋಕೆ ಹಾಕ್ತಿಲ್ಲ. ಅತ್ತಾಯಿತು.
ಈಗ ಉಳಿದಿರುವುದು ಸಿಟ್ಟು.

ಅವನ ಪಕ್ಕದ ಮನೆ ಪುಟ್ಟಸ್ವಾಮಿ ಮಧ್ಯಾಹ್ನವೇ ಸ್ಟೇಟಸ್ ಹಾಕಿದ್ದಾನೆ…
ಮಾದೇವನ ಫೋಟೋ, ಸುತ್ತ ಗುಲಾಬಿ, ಕೆಳಗೆ "ಆತ್ಮೀಯ ಗೆಳೆಯನನ್ನು ಕಳೆದುಕೊಂಡೆ".
ಥೂ! ನಿನ್ನ ಬಾಯಿಗೆ ಮಣ್ಣು ಹಾಕ!
ಯಾರು ಕಳೆದದ್ದು, ಯಾರು ಕಳೆದುಕೊಂಡದ್ದು ಅಂತ ಊರಿಗೆ ಗೊತ್ತಾಗಲಿ.

ಇಡೀ ದಿನ ಗಿರಣಿಯ ಗರಗರ ಸದ್ದಿನಲ್ಲಿ ಬದುಕಿದವನು ಮಾದೇವ. ಬಿಪಿ ಜಾಸ್ತಿಯಿತ್ತು. ಡಾಕ್ಟರ್ "ಒಸಿ ರಿಲ್ಯಾಕ್ಸ್ ಮಾಡಪ್ಪ" ಅಂದರು. ಇವನು ಮೊಬೈಲಿನಲ್ಲಿ ಯಾವುದೋ ಜಪಾನಿನ ತೋಟದ ವಿಡಿಯೋ ನೋಡಿ ಹುಚ್ಚು ಹಿಡಿಸಿಕೊಂಡ.

"ಲೇ ಬಸ್ವ, ನೀರೇ ಇಲ್ದೆ ಹೊಳೆ ಮಾಡವ್ರೆ ಕಣ್ಲಾ! ಬರೀ ಬಿಳಿ ಜಲ್ಲಿ, ಅದ್ರ ಮ್ಯಾಲೆ ಗೆರೆ… ನೋಡ್ತಾ ಕುಂತ್ರೆ ಎದೆ ತಣ್ಣಗಾಯ್ತದೆ."

ಮನೆ ಪಕ್ಕದ ಖಾಲಿ ಜಾಗಕ್ಕೆ ಜಲ್ಲಿ ಹಾಸಿದ. ಮೂಲೆಯಲ್ಲಿ ಬಿದಿರು ನೆಟ್ಟ. ರಾಮನಗರದ ಕಡೆಯಿಂದ ಎದೆಮಟ್ಟದ ಬಂಡೆಗಲ್ಲು ತರಿಸಿ ನಡುವೆ ನಿಲ್ಲಿಸಿದ.
ನಾನು ಗೊಂಬೆ ಮಾಡುವವನು. ಹಾಲೆ ಮರದಲ್ಲಿ ಹಲ್ಲು ಕಡೆದು, ಹಿಡಿಗೆ ಕೆಂಪು ಅರಗು ಹತ್ತಿಸಿ, ಗೆರೆ ಎಳೆಯೋಕೆ ಪುಟ್ಟ ಹಲುಬೆ ಮಾಡಿಕೊಟ್ಟೆ.
"ಜಲ್ಲಿ ಉಳ್ತಾವ್ರೆ ನೋಡಣ್ಣ ನಿಮ್ ಫ್ರೆಂಡು" ಅಂತ ಅವನ ಹೆಂಡತಿ ಗೌರಮ್ಮ ನಗುತ್ತಿದ್ದರು.

ಆ ಕಲ್ಲು ನಿಲ್ಲಿಸಿದ ದಿನ ಒಂದು ತಪ್ಪಾಯಿತು…
ಹೊಸ ಮಿಕ್ಸಿ ತಂದರೂ ಮೂರು ಬೆರಳು ವಿಭೂತಿ ಎಳೆಯುವ ಜನ ನಾವು. ಕೈ ಸುಮ್ಮನಿರುತ್ತಾ? ಮಾದೇವ ಕಲ್ಲು ತೊಳೆದು, ವಿಭೂತಿ ಹಚ್ಚಿ, ಕಾಯಿ ಒಡೆದ.
ಜಪಾನಿನವರಿಗೆ ಅದು ಬರೀ ಕಲ್ಲು. ನಮಗೆ ಅಲ್ಲಿಂದಾಚೆಗೆ ಅದು ಬರೀ ಕಲ್ಲಲ್ಲ.

ಪುಟ್ಟಸ್ವಾಮಿಗೆ ಅಷ್ಟೇ ಬೇಕಿತ್ತು.
ಅವನ ಹಿತ್ತಲಲ್ಲಿ ಅಂಗಡಿ ಶೆಡ್ಡುಗಳಿವೆ. ರಸ್ತೆಗೆ ದಾರಿ ಇಲ್ಲ. ಮಾದೇವನ ಜಾಗದಲ್ಲಿ ದಾರಿ ಕೇಳಿದ್ದ, ಇವನು ಕೊಟ್ಟಿರಲಿಲ್ಲ.
ಮುಂದಿನ ಸೋಮವಾರ ಬಂದು ಕಲ್ಲಿನ ಮುಂದೆ ದೀಪ ಹಚ್ಚಿದ. ಆಮೇಲೆ ನಾಲ್ಕು ಜನ ಕರೆತಂದ. ಆಮೇಲೆ ಗಂಟೆ, ತಗಡಿನ ಚಪ್ಪರ…
ಒಂದು ದಿನ "ಭಕ್ತರಿಗೆ ದಾರಿ" ಅಂತ ಕಾಂಪೌಂಡ್ ಗೋಡೆಯನ್ನೇ ಕೆಡವಿದ. ದಾರಿ ನೆಟ್ಟಗೆ ಹೋಗಿದ್ದು ಅವನ ಶೆಡ್ಡಿಗೆ!
ಬಿದಿರಿಗೆ ಮೈಕ್ ಕಟ್ಟಿದ ಕಣ್ರೀ… ಒಬ್ಬ ಮನುಷ್ಯ ಸದ್ದಿಲ್ಲದೆ ಕೂರಲಿ ಅಂತ ನೆಟ್ಟ ಬಿದಿರಿಗೆ!
ಅದೇ ಮೈಕಿನಲ್ಲಿ ಕೂಗುತ್ತಿದ್ದ: "ಈ ಕಲ್ಲು ಎಲ್ಲೈತೋ ಅಲ್ಲಿ ಈ ಪುಟ್ಸಾಮಿ ಅಡ್ಡಬೀಳ್ತಾನೆ! ಇದು ನನ್ ಮಾತು!"

ಮಾದೇವ…
ಯಾಕ್ಲಾ ಸುಮ್ಕಿದ್ದೆ?
ದಿನಾ ಬೆಳಿಗ್ಗೆ ಗೆರೆ ಎಳೀತಿದ್ದೆ. ಸಂಜೆಗೆ ಅದರ ತುಂಬಾ ಚಪ್ಪಲಿ ಗುರುತು.
"ಬಕೆಟ್ ನೀರು ಸುರಿದು ಆ ಕಲ್ಲು ತೊಳಿಲಾ, ನಾನೇ ಬತ್ತೀನಿ" ಅಂದೆ. ನೀನೇನಂದೆ?
"ನಾನೇ ಹಚ್ಚಿದ ಈಬೂತಿ ಕಣ್ಲಾ… ಒರ್ಸಕ್ಕೆ ಕೈ ಬರಾಕಿಲ್ಲ."
ನಿನ್ನ ಆ ಒಳ್ಳೆತನವನ್ನೇ ಅವನು ಮೆಟ್ಟಿಲು ಮಾಡಿಕೊಂಡ. ಕೊನೆಗೆ ನೀನು ಹಲುಬೆ ಮುಟ್ಟುವುದನ್ನೇ ಬಿಟ್ಟೆ… ಗಿರಣಿಯಲ್ಲೇ ಒಸಿ ನೆಮ್ಮದಿ ಅಂದೆ. ಗಿರಣಿಯಲ್ಲಿ!

ನಿನ್ನನ್ನು ಕೊಂದದ್ದು ಹಾರ್ಟ್ ಅಲ್ಲ. ನಾನಂತೂ ಒಪ್ಪಲ್ಲ.

ಈಗ ಇವತ್ತಿನ ಸುದ್ದಿ ಕೇಳು.
ನಮ್ಮಲ್ಲಿ ಸುಡೋದಿಲ್ಲ, ಕೂರಿಸಿ ಮಣ್ಣು ಮಾಡೋದು. ಮಾಗಡಿ ಹತ್ತಿರ ಕಲ್ಯದಲ್ಲಿರುವ ನಿಮ್ಮ ಹೊಲದಲ್ಲೇ ಜಾಗ ನೋಡಿದ್ದಾರೆ. ಸಮಾಧಿ ಮೇಲೆ ಯಾವ ಕಲ್ಲು ಇಡೋಣ ಅಂತ ಹಿರಿಯರು ಕೇಳಿದರು.
ಗೌರಮ್ಮ ಕಣ್ಣು ಒರೆಸಿಕೊಂಡು ನನ್ನ ಮುಖ ನೋಡಿದರು. ನಾನು ತೋಟದ ಕಡೆ ನೋಡಿದೆ.
ಅಷ್ಟೇ. ಟೆಂಪೋ ಬಂತು, ಹಗ್ಗ ಬಂತು, ಹಾರೆ ಬಂತು.

ಪುಟ್ಟಸ್ವಾಮಿ ಪಂಚೆ ಎತ್ತಿಕೊಂಡು ಓಡಿಬಂದ.
"ದೇವ್ರನ್ನ ಕೀಳ್ತೀರಾ? ಅನಾಚಾರ ಆಯ್ತದೆ!"
ಗೌರಮ್ಮ ದನಿ ಏರಿಸಲಿಲ್ಲ.
"ನಮ್ಮೆಜಮಾನ್ರು ನಿಲ್ಸಿದ ಕಲ್ಲು, ಅವ್ರ ಸಮಾಧಿ ಮ್ಯಾಲೆ ನಿಲ್ಲುಸ್ತೀವಿ ಪುಟ್ಸಾಮಣ್ಣ. ನೀವು ಮಾತು ಕೊಟ್ಟಿದ್ರಲ್ಲ, ಅಲ್ಲೇ ಬಂದು ಅಡ್ಡಬೀಳಿ."
ಸೇರಿದ್ದ ಜನ ಅವನನ್ನೇ ನೋಡಿದರು. ಮೈಕಿನಲ್ಲಿ ಕೂಗಿದ್ದು ಎಲ್ಲರಿಗೂ ನೆನಪಿತ್ತು. ಎತ್ತಿದ್ದ ಪಂಚೆ ಇಳಿಸಿ ಪಕ್ಕಕ್ಕೆ ಸರಿದ.
ಕಲ್ಲು ಈಗ ಟೆಂಪೋದಲ್ಲಿದೆ. ನಾನು ಅದರ ಪಕ್ಕ ಕೂತೇ ಇದನ್ನು ಟೈಪ್ ಮಾಡ್ತಿದ್ದೀನಿ.

ಪುಟ್ಟಸ್ವಾಮಿ, ನೀನಿದನ್ನು ಓದ್ತೀಯ ಅಂತ ಗೊತ್ತು.
ಕೆಡವಿದ ಗೋಡೆ ಈ ವಾರವೇ ಏಳುತ್ತೆ. ದೇವರಿಲ್ಲದ ಜಾಗಕ್ಕೆ ದಾರಿ ಯಾಕೆ?
ಸೋಮವಾರ ಕಲ್ಯಕ್ಕೆ ಬಾ. ನಾನು ಕಾಯ್ತಿರ್ತೀನಿ. ಬರದಿದ್ದರೆ, ನಿನ್ನ ಭಕ್ತಿ ಎಷ್ಟು ಅಂತ ನಿನ್ನ ಜನಕ್ಕೆ ನಾನೇ ಹೇಳ್ತೀನಿ.

ಗೆಳೆಯರೇ, ಮಣ್ಣಿಗೆ ಬರೋರು ಹಾರ ತರಬೇಡಿ. ಒಂದೊಂದು ಹಿಡಿ ಬಿಳಿ ಜಲ್ಲಿ ತನ್ನಿ. ಸುತ್ತ ಹಾಸೋಣ. ಹಲುಬೆ ನನ್ನ ಹತ್ತಿರ ಇದೆ.

ಮಾದೇವ…
ಹೊಲದಲ್ಲಿ ಗಿರಣಿ ಇಲ್ಲ, ಮೈಕ್ ಇಲ್ಲ. ನಿನ್ನ ಹೊಳೆಗೆ ಗೆರೆ ನಾನು ಎಳೀತೀನಿ.
ಅವನು ಬಂದು ನಿನ್ನ ಕಾಲ ಬುಡದಲ್ಲಿ ಅಡ್ಡಬೀಳೋದನ್ನ ಕೂತು ನೋಡ್ಲಾ.
ನಿನ್ನ ಜೀವಕ್ಕೆ ಈಗಲಾದರೂ ನೆಮ್ಮದಿ ಸಿಗಲಿ…
ಅವನಿಗೆ ಸಿಗದಿರಲಿ.