ಕಾಟಾ ಮೇಲೆ ಶರಣಪ್ಪ

ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಲಾರಿ ತೂಗುವ ಕಾಟಾಕ್ಕೆ ಹೊಸ ಕಂಪ್ಯೂಟರ್ ಜೋಡಿಸಿದ್ದೆ. ತೂಕದ ಅಂಕಿ ತಂದುಕೊಡುವ ಕಾರ್ಡ್ ಮಾತ್ರ ಹಳೇದು. ಅದನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮನ್ನು ಹೊಸ ಸಿಸ್ಟಮ್ಮಿಗೆ ನಾನೇ ಒಗ್ಗಿಸಿದ್ದರಿಂದ ತಪ್ಪಾಗುವ ಮಾತೇ ಇರಲಿಲ್ಲ.

ಮೊದಲ ಲಾರಿ ತೂಗಿಸಿಕೊಂಡು ಹೋಯಿತು. ಗೇಟಿನಾಚೆ ಭತ್ತದ ಲಾರಿಗಳು ಸಾಲಾಗಿ ಕಾಯುತ್ತಿದ್ದವು. ಕಾಟಾ ನೋಡಿಕೊಳ್ಳುವ ಶರಣಪ್ಪನವರು ಪರದೆ ನೋಡಿ, "ಸರ್, ಲಾರಿ ಹೋತು, ತೂಕ ಇಲ್ಲೇ ಐತಲ್ರಿ?" ಅಂದರು.

"ಕಾಟಾನೇ ಕೆಟ್ಟಿರಬೇಕು. ನನ್ನ ಡ್ರೈವರ್ ಸರಿ ಐತ್ರಿ" ಅಂದೆ.

ಅವರು ಹೋಗಿ ಖಾಲಿ ಕಾಟಾದ ಮೇಲೆ ನಿಂತು ಕೂಗಿದರು: "ಎಷ್ಟು ತೋರಸ್ತೈತ್ರಿ?"

"ಹದಿನೆಂಟು ಟನ್."

"ನಾ ಏನ್ ಲಾರಿ ಅದೀನೇನ್ರಿ?"

ಆಗ ಹೊಳೆಯಿತು. ಕಂಪ್ಯೂಟರ್ ಪ್ರತಿ ಸಲ ಕಾರ್ಡನ್ನು ಕೇಳದೆ, ಒಮ್ಮೆ ಓದಿ, ಓದಿದ್ದನ್ನು ನೆನಪಿಡುವ ಕ್ಯಾಶ್‌ನಲ್ಲಿ ಇಟ್ಟುಕೊಂಡ ತೂಕವನ್ನೇ ತೋರಿಸುತ್ತಿತ್ತು. ಕಾರ್ಡಿನ ತೂಕಕ್ಕೆ ಕ್ಯಾಶ್ ಬೇಡ ಎಂದು ಡ್ರೈವರಿನಲ್ಲಿ ಒಂದು ಸಾಲು ಬದಲಿಸಿ, ಅವರನ್ನು ಮತ್ತೆ ನಿಲ್ಲಿಸಿದೆ.

"ಎಂಬತ್ತೈದು ಕೆಜಿ!"

"ಇನ್ನೂ ತಪ್ಪೈತ್ರಿ. ನಾ ಅರವತ್ತು ಅದೀನಿ."

"ಯಾವಾಗ ತೂಗಿಸಿದ್ರಿ?"

ಶರಣಪ್ಪನವರು ಹೊಟ್ಟೆ ಸವರಿಕೊಂಡರು. "ಮದುವಿಗಿಂತ ಮೊದ್ಲ."

ಅವರ ತಲೆಯಲ್ಲಿನ ಕ್ಯಾಶ್ ಅಳಿಸುವ ಡ್ರೈವರನ್ನು ನಾನಿನ್ನೂ ಬರೆದಿಲ್ಲ.