ಎಲ್ಲಿ ಹರಿದೈತೆ, ಅದನ್ನ ಹೇಳು

ಓಬಕ್ಕನ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಹಗ್ಗ ಉಜ್ಜಿ ಉಜ್ಜಿ ಸವೆದ ಬಾವಿಕಟ್ಟೆಯ ಕಲ್ಲಿನ ಹಾಗೆ ನುಣ್ಣಗಿತ್ತು. ಮೊಳಕಾಲ್ಮೂರಿನ ನಮ್ಮ ಓಣಿಯ ಮಗ್ಗಗಳಿಗೆಲ್ಲ ಅಚ್ಚು ಕೆಚ್ಚುತ್ತಿದ್ದವಳು, ಅಂದರೆ ಎಳೆ ಕೂಡಿಸುತ್ತಿದ್ದವಳು ಅವಳು. ಮಗ್ಗಕ್ಕೆ ಉದ್ದಕ್ಕೆ ಹಾಸಿದ ಎಳೆಗಳ ಒಂದು ಹಾಸು ಮುಗಿದಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿ ಸೇರಿಸಿ ಹೊಸೆಯಬೇಕು. ಗಂಟು ಹಾಕುವ ಹಾಗಿಲ್ಲ, ಬೂದಿ ಮುಟ್ಟಿದ ಬೆರಳಲ್ಲಿ ಬರೀ ಹೊಸೆಯುವುದು. ಒಂದೊಂದು ಹಾಸಿನಲ್ಲೂ ಸಾವಿರಾರು ಎಳೆ. ಒಂದು ತಪ್ಪಿದರೂ ಸೀರೆಯ ಉದ್ದಕ್ಕೂ ಗೀರು ಬೀಳುತ್ತದೆ. ನಲವತ್ತು ವರ್ಷ ಹೊಸೆದ ಬೆರಳು ಅದು.

ರೇಷನ್ ಅಂಗಡಿಗೆ ಹೆಬ್ಬೆಟ್ಟು ಒತ್ತುವ ಮಿಷನ್ನು ಬಂದಾಗ ಅಂಗಡಿಯವನು ಮೂರು ಸಲ ಒತ್ತಿಸಿದ.

"ಫೇಲ್ ಅಂತ ಬರ್ತೈತೆ ಓಬಕ್ಕ."

"ಫೇಲಾಗೋಕೆ ನಾನ್ಯಾವ ಪರೀಕ್ಷೆ ಬರ್ದಿದ್ನಪ್ಪ? ಸವೆದೈತೆ ಅನ್ನು. ಇನ್ನೊಂದು ಕೈ ಐತೆ, ಅದನ್ನ ಒತ್ತಿಸ್ಕೋ" ಎಂದಳು. ಎಡಗೈಯ ಕಿರುಬೆರಳು ಇಟ್ಟಾಗ ಮಿಷನ್ನು ಒಪ್ಪಿತು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಗ ಅದು ತಮಾಷೆ ಎಂದುಕೊಂಡಿದ್ದೆ.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಮಗ್ಗದ ಗುಂಡಿಗೆ ಇಳಿದವನು. ಇಂಗ್ಲಿಷು ನನಗೆ ಬರುವುದಿಲ್ಲ. ಆದರೂ ನಮ್ಮ ಓಣಿಯಲ್ಲಿ ಏನು ಕೆಟ್ಟರೂ ಇಂಗ್ಲಿಷಿನಲ್ಲೇ ಕೆಡುತ್ತದೆ. ಬೋರು ಫೇಲು, ಮೋಟ್ರು ಡೆಡ್ಡು, ಕಣ್ಣು ವೀಕು, ಹುಡುಗರ ಬಾಳು ವೇಸ್ಟು. ಓಬಕ್ಕನಿಗೆ ಮಾತ್ರ ಈ ಮಾತುಗಳನ್ನು ಕಂಡರೆ ಆಗುತ್ತಿರಲಿಲ್ಲ. ತೆಲುಗಾದರೂ ಸರಿ, ಕನ್ನಡವಾದರೂ ಸರಿ, ಬಿಡಿಸಿ ಹೇಳಬೇಕು.

ಒಮ್ಮೆ ನಾನು ನೇಯ್ದ ಸೀರೆಯನ್ನು ವ್ಯಾಪಾರಿ ಪಕ್ಕಕ್ಕೆ ತಳ್ಳಿ "ಡ್ಯಾಮೇಜ್ ಪೀಸು" ಎಂದುಬಿಟ್ಟ. ತಿಂಗಳ ಕೆಲಸ. ನಾನು ತಲೆ ತಗ್ಗಿಸಿ ಮಡಚತೊಡಗಿದೆ. ಜರಿ ಒಪ್ಪಿಸಲು ಅಲ್ಲಿಗೆ ಬಂದಿದ್ದ ಓಬಕ್ಕ ಸೀರೆ ಕಸಿದುಕೊಂಡಳು.

"ಎಲ್ಲಿ ಹರಿದೈತೆ ಸಾವ್ಕಾರ್ರೇ?"

"ಡ್ಯಾಮೇಜ್ ಅಂದ್ರೆ ಡ್ಯಾಮೇಜ್ ಕಣಮ್ಮ. ಎಲ್ಲಿ ಅಂತ ಬೇರೆ ಹೇಳ್ಬೇಕಾ?"

ಅವಳು ಬಾಗಿಲ ಬೆಳಕಿಗೆ ಹಿಡಿದು ಗೇಣು ಗೇಣಾಗಿ ನೋಡಿದಳು. ಅಂಚಿನ ಹತ್ತಿರ ಎರಡೇ ಎರಡು ಎಳೆ ಸಡಿಲಾಗಿದ್ದವು. ಸೂಜಿ ತೆಗೆದು ಅಲ್ಲೇ ಕೂತು ಸರಿಮಾಡಿದಳು. ದಾರಿಯಲ್ಲಿ ನನ್ನನ್ನು ಬೈದಳು. "ಸಡ್ಲಾಗಿದ್ರೆ ಜಗ್ಗು, ಹರಿದಿದ್ರೆ ಕೂಡ್ಸು, ಸಿಕ್ಕಾಗಿದ್ರೆ ಬಿಡ್ಸು. ಡ್ಯಾಮೇಜ್ ಆದ್ರೆ ಏನ್ ಮಾಡ್ತೀಯಾ ತಿಪ್ಪೇಸಿ? ಬಿಸಾಕ್ತೀಯ, ಅಷ್ಟೇ. ಯಾರಾದ್ರೂ ಅಂಥ ಮಾತು ಅಂದ್ರೆ ಎಲ್ಲಿ ಅಂತ ಕೇಳೋ. ಬಾಯಿಲ್ವಾ ನಿಂಗೆ?"

ನನ್ನ ಮಗಳು ಮಂಜುಳಾ ಎಂಟು ತಿಂಗಳಿಗೇ ಹೆತ್ತಳು, ಚಳ್ಳಕೆರೆಯಲ್ಲಿ. ಆಪರೇಷನ್ ಆಗಿ ಅವಳಿಗೆ ಎಚ್ಚರವೇ ಇರಲಿಲ್ಲ. ಸಿಸ್ಟರು ಬಂದು "ಬೇಬಿ ಸೀರಿಯಸ್ಸು" ಎಂದು ಶುರು ಮಾಡಿದ್ದೇ ತಡ, ನಮ್ಮ ಬೀಗಿತ್ತಿ ಎದೆ ಬಡಿದುಕೊಂಡರು. ಆಮೇಲೆ ಸಿಸ್ಟರು ಏನು ಹೇಳಿದರೋ ಒಬ್ಬರ ಕಿವಿಗೂ ಬೀಳಲಿಲ್ಲ. ಅಳಿಯನ ಚಿಕ್ಕಪ್ಪ ಆಚೆ ಹೋಗಿ ಊರಿಗೆ ಫೋನು ಮಾಡಿ, ಗುದ್ದಲಿ ತೆಗೆದಿಟ್ಟಿರಿ ಎಂದೂ ಹೇಳಿಬಿಟ್ಟ. ನಾನು ಗೋಡೆಗೆ ಒರಗಿ ಕೂತೆ.

ಓಬಕ್ಕ ನಮಗೆ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಬುತ್ತಿ ಕೆಳಗಿಟ್ಟು ಸೀದಾ ಸಿಸ್ಟರ ಹತ್ತಿರ ಹೋದಳು.

"ಅವ್ವಾ, ಸೀರಿಯಸ್ಸು ಗೊತ್ತಾತು. ಕೂಸಿಗೆ ಏನಾಗೈತೆ? ಉಸ್ರು ಇಲ್ವಾ?"

"ಉಸ್ರು ಚೆನ್ನಾಗೈತೆ ಅಜ್ಜಿ."

"ಮತ್ತೆ?"

"ತೂಕ ಕಮ್ಮಿ. ಮೈ ತಣ್ಣಗಾಗ್ತಾ ಐತೆ. ಯಾರಾದ್ರೂ ಬರೀ ಮೈಗೆ ಅಪ್ಪಿಕೊಂಡು ಕೂತ್ಕೊಳ್ಳಿ, ಬೇಗ ಬನ್ನಿ ಅಂತ ಆಗ್ಲೇ ಹೇಳಿದ್ನಲ್ಲ. ನಿಮ್ಮೋರು ಅಳೋಕೆ ನಿಂತ್ರು, ಯಾರೂ ಬರ್ಲೇ ಇಲ್ಲ!"

ಓಬಕ್ಕ ನನ್ನ ಕಡೆ ತಿರುಗಿದಳು. "ಕಳಚೋ ಅಂಗಿ."

"ನಾನು ಗಂಡಸಲ್ವೇನಕ್ಕಾ..."

"ನಿನ್ನ ಹಾಲು ಕುಡಿಸು ಅಂದ್ನಾ? ಮೈ ಬಿಸಿ ಐತಲ್ಲ, ಅಷ್ಟು ಸಾಕು. ಏಳೋ!"

ನನ್ನ ಎದೆಯ ಮೇಲೆ ಇಟ್ಟರು. ಏನು ಹೇಳಲಿ! ಒಂದು ಹಿಡಿ ರೇಷ್ಮೆಯ ಭಾರ. ತಣ್ಣಗಿನ ಪಾದ ನನ್ನ ಹೊಟ್ಟೆಗೆ ತಗುಲಿ ಮೈ ಜುಮ್ಮೆಂದಿತು. ಹಗಲು ಓಬಕ್ಕ, ಕತ್ತಲಾದರೆ ನಾನು, ಮಂಜುಳಾ ಎದ್ದು ಕೂರುವ ತನಕ ಹಾಗೇ ಅಪ್ಪಿಕೊಂಡು ಕೂತೆವು. ಹನ್ನೊಂದನೇ ದಿನ ಆ ಕೂಸು ನನ್ನ ಎದೆಯ ಮೇಲಿನ ನರೆಗೂದಲು ಹಿಡಿದು ಎಳೆಯಿತು. ನಾನು ಆಸ್ಪತ್ರೆ ಎಂಬುದನ್ನೂ ಮರೆತು ಕೂಗಿಬಿಟ್ಟೆ. ಸಿಸ್ಟರು ಗದರಿದರು.

ಈಗ ಆ ಮೊಮ್ಮಗಳಿಗೆ ಮೂರು ವರ್ಷ. ಓಬವ್ವ ಎಂದು ನಾನೇ ಹೆಸರಿಟ್ಟೆ. ಬೀಗರಿಗೆ ಹಿಡಿಸಲಿಲ್ಲ, ಹಳೇ ಹೆಸರಂತೆ. ಇರಲಿ! ಮಗ್ಗದ ಗುಂಡಿಗೆ ಇಳಿದು ನನ್ನ ಕಾಲು ಹಿಡಿಯುತ್ತಾಳೆ, ನೂಲು ಸುತ್ತಿದ ಕಂಡಿಕೆಗಳನ್ನು ಕದ್ದು ಗೊಂಬೆಗೆ ಸೀರೆ ಉಡಿಸುತ್ತಾಳೆ, ತಾತಾ ಎಂದರೆ ಓಣಿಯ ಆ ತುದಿಗೂ ಕೇಳಬೇಕು. ಅವಳು ಓಡುವುದನ್ನು ನೋಡುತ್ತಾ ಎಷ್ಟೋ ಸಲ ಲಾಳಿ ತಪ್ಪಿಸಿದ್ದೇನೆ. ಇಷ್ಟು ಸಂತೋಷ ಒಬ್ಬ ಮನುಷ್ಯನಿಗೆ ಕೊಡಬಾರದು, ಹೊಟ್ಟೆಯಲ್ಲಿ ಹಿಡಿಯುವುದಿಲ್ಲ. ಅದರ ನಡುವೆ ಕೂತು ಓಬಕ್ಕನ ವಿಷಯ ಬರೆಯುತ್ತಿದ್ದೇನೆ, ಬರೆಯದೆ ಇರಲಾಗುತ್ತಿಲ್ಲ.

ಹೋದ ಬೇಸಿಗೆಯಲ್ಲಿ ಓಬಕ್ಕ ವಾಂತಿ ಆಗಿ, ಮಾತು ತಡವರಿಸಿ ಬಿದ್ದಳು. ಅವಳ ತಂಗಿಯ ಮಗ ಚಳ್ಳಕೆರೆಗೆ ಕರೆದುಕೊಂಡು ಹೋಗಿ, ಮಾರನೆಯ ದಿನವೇ ವಾಪಸು ಕರೆತಂದ.

"ಸೀರಿಯಸ್ ಅಂತೆ ಮಾವ. ವಯಸ್ಸಾತಲ್ಲ. ಕೇಸು ಮುಗೀತು ಅಂತ ನಾವೇ ಕರ್ಕೊಂಡ್ ಬಂದ್ವಿ, ಮನೇಲೇ ಹೋಗ್ಲಿ."

ನಾನು ತಲೆಯಾಡಿಸಿದೆ. ಪಡಸಾಲೆಯಲ್ಲಿ ನೆಂಟರು ಚಾಪೆ ಹಾಸುತ್ತಿದ್ದರು.

ಒಳಗೆ ಹೋದಾಗ ಅವಳಿಗೆ ಎಚ್ಚರವಿತ್ತು. ಹೆಬ್ಬೆರಳೂ ತೋರುಬೆರಳೂ ಕಂಬಳಿಯ ಅಂಚನ್ನು ಹೊಸೆಯುತ್ತಿದ್ದವು. ತೊದಲುತ್ತಾ ಕೇಳಿದಳು.

"ಏನಂತೆ ತಿಪ್ಪೇಸಿ ನಂದು?"

"ಸೀರಿಯಸ್ ಅಂತೆ ಅಕ್ಕ" ಎಂದೆ. ನನ್ನ ಬಾಯಿಂದಲೇ ಬಂತು.

"ಅದು ಕೇಳ್ತು. ಎಲ್ಲಿ ಹರಿದೈತಂತೆ?"

ನಾನು ಕೇಳಿರಲಿಲ್ಲ. ಮನೆ ತುಂಬ ಜನ ಇದ್ದರು, ಒಬ್ಬರೂ ಕೇಳಿರಲಿಲ್ಲ. ಅವಳು "ಹೋಗು, ಕೇಳ್ಕೊಂಡು ಬಾ" ಎಂದಳು.

ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಚಳ್ಳಕೆರೆ ಬಸ್ಸು ಹತ್ತಿದೆ. ದಾರಿಯಲ್ಲಿ ತಳಕು ಊರು ದಾಟುವಾಗ ಮಂಜುಳಾಳ ಫೋನು ಬಂತು. ಓಬಕ್ಕ ಹೋದಳು. ಇಳಿದು ವಾಪಸು ಬರಬಹುದಿತ್ತು. ಇಳಿಯಲಿಲ್ಲ. ಕೇಳಿಕೊಂಡು ಬಾ ಎಂದಿದ್ದಳಲ್ಲ.

ಡಾಕ್ಟರು ಹೆಸರು ಕೇಳಿ, ಹಾಳೆ ತೆಗೆದು ನೋಡಿದರು.

"ಮೈಯಲ್ಲಿ ಉಪ್ಪು ಇಳಿದಿತ್ತು ಯಜಮಾನ್ರೇ. ಬೇಸಿಗೆ, ವಾಂತಿ, ಮೇಲೆ ವಯಸ್ಸು. ಎರಡು ಮೂರು ದಿನ ಇಲ್ಲೇ ಇರ್ಲಿ, ನಿಧಾನಕ್ಕೆ ಏರ್ಸೋಣ ಅಂದಿದ್ದೆ. ಸೀರಿಯಸ್ ಆಗೈತೆ, ಆದ್ರೆ ಸರಿಹೋಗ್ಬೋದು ಅಂತ್ಲೂ ಹೇಳಿದ್ದೆ. ನಿಮ್ಮೋರೇ ನಮ್ಮ ಜವಾಬ್ದಾರಿ ಅಂತ ಬರೆದುಕೊಟ್ಟು ಕರ್ಕೊಂಡು ಹೋದ್ರು."

"ಉಪ್ಪಾ ಸಾರ್?"

"ಹೂಂ, ಉಪ್ಪು."

ಮಾರನೆಯ ಬೆಳಗ್ಗೆ ಮಣ್ಣು. ನಮ್ಮಲ್ಲಿ ಮಣ್ಣು ಎಳೆಯುವ ಮೊದಲು ಗುಂಡಿಗೆ ಉಪ್ಪು ಹಾಕುತ್ತಾರೆ. ತಂಗಿಯ ಮಗ ಕಲ್ಲುಪ್ಪಿನ ಚೀಲ ಬಿಚ್ಚಿ ಒಬ್ಬೊಬ್ಬರ ಕೈಗೂ ಹಾಕುತ್ತಾ ಬಂದ. ನನ್ನ ಬೊಗಸೆ ತುಂಬಿದ. ಡಾಕ್ಟರು ಹೇಳಿದ ಉಪ್ಪಿನ ಮಾತನ್ನು ನಾನು ಅವನಿಗೆ ಇನ್ನೂ ಹೇಳಿರಲಿಲ್ಲ. ಹಿಂದೆ ನಿಂತವರು "ಹಾಕ್ರಿ ತಿಪ್ಪೇಸಣ್ಣ, ಬಿಸ್ಲು ಏರ್ತಾ ಐತೆ" ಎನ್ನುತ್ತಿದ್ದರು.