ನಾಲ್ಕು ಕಡೆಯ ಕೊನೆಯ ಸೆಮಿಸ್ಟರ್

ನಮ್ಮ ಎದುರು ಮನೆಯ ಮೇಡಂ ಸಾಮಾನು ಸಾಗಿಸುವ ವ್ಯಾಪಾರ ಮಾಡುತ್ತಾರೆ ಎಂದೇ ನಾನು ಬಹಳ ದಿನ ನಂಬಿದ್ದೆ. ನಂಬದೆ ಏನು ಮಾಡಲಿ? ಎರಡು ಬಾಗಿಲು ಮುಚ್ಚಿದರೂ ಅವರ ಫೋನಿನ ಮಾತು ನಮ್ಮ ಅಡುಗೆಮನೆಯವರೆಗೆ ಬರುತ್ತಿತ್ತು. "ಈ ಸಲ ಹನ್ನೆರಡು ಕಳಿಸ್ತಿದೀವಿ. ಆರು ತಿಂಗಳು ನೀವಿಟ್ಕೊಳ್ಳಿ, ಆಮೇಲೆ ಮುಂದಿನವರಿಗೆ ದಾಟಿಸಿ. ಹೋದ ಸಲದವರ ಹಾಗೆ ಎರಡನ್ನ ಸ್ಟೇಷನ್ನಲ್ಲೇ ಬಿಟ್ಬಿಟ್ಟೀರಿ, ಹುಷಾರು!"

ತಂಗಿಯ ಮನೆಗೆ ಕಳಿಸಬೇಕಾದ ಒಂದು ಬೀರು ನಮ್ಮಲ್ಲಿತ್ತು. ಒಂದು ಭಾನುವಾರ ಎದುರು ಮನೆಯ ಬಾಗಿಲು ತಟ್ಟಿ, ಬಾಡಿಗೆ ಎಷ್ಟಾಗುತ್ತದೆ ಎಂದು ಕೇಳಿದೆ.

"ನಾನು ಸಾಗಿಸೋದು ವಿದ್ಯಾರ್ಥಿಗಳನ್ನ ಕಣ್ರೀ," ಎಂದರು ಮೇಡಂ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ. "ಬೀರು ಎಷ್ಟೋ ವಾಸಿ. ಇಟ್ಟ ಕಡೆ ಇರುತ್ತೆ. ಅದಕ್ಕೆ ಪದವಿ ಬೇರೆ ಕೊಡಿಸ್ಬೇಕಾಗಿಲ್ಲ."

ಒಳಗೆ ಕರೆದು ಕಾಫಿ ಕೊಟ್ಟರು. ಆಗ ತಿಳಿಯಿತು: ಅವರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವರು. ವಿಷಯ ನೀರು. ನದಿಯಿಂದ ನಲ್ಲಿಗೆ ಅದು ಹೇಗೆ ಬರುತ್ತದೆ, ನಲ್ಲಿಯಿಂದ ಮೋರಿಗೆ ಹೋದಮೇಲೆ ಅದರ ಗತಿ ಏನು ಎನ್ನುವುದು. ನಾಲ್ಕು ದೇಶಗಳ ನಾಲ್ಕು ವಿಶ್ವವಿದ್ಯಾಲಯಗಳು ಸೇರಿ ಈ ವಿಷಯದಲ್ಲಿ ಒಂದೇ ಸ್ನಾತಕೋತ್ತರ ಪದವಿ ಕೊಡುವುದೆಂದು ತೀರ್ಮಾನವಾಗಿತ್ತು. ಒಂದೊಂದು ಕಡೆ ಒಂದೊಂದು ಸೆಮಿಸ್ಟರ್. ಕೊನೆಗೆ ನಾಲ್ಕು ಲಾಂಛನಗಳ ಒಂದು ಪ್ರಮಾಣಪತ್ರ. ಈ ಕಲ್ಪನೆ ತಮಗೆ ವಿಮಾನದಲ್ಲಿ, ಮೋಡಗಳ ಮೇಲೆ ಹಾರುವಾಗ ಹೊಳೆಯಿತೆಂದು ಇಲ್ಲಿನ ಕುಲಪತಿಗಳು ಎಲ್ಲ ಭಾಷಣಗಳಲ್ಲೂ ಹೇಳುತ್ತಿದ್ದರು. ಅದನ್ನು ನೆಲಕ್ಕಿಳಿಸುವ ಕೆಲಸವನ್ನು ಮಾತ್ರ ಮೇಡಂ ತಲೆಗೆ ಕಟ್ಟಿದ್ದರು.

ಆ ಕೆಲಸ ನಡೆಯುತ್ತಿದ್ದದ್ದು ಊಟದ ಮೇಜಿನ ಮೇಲೆ. ಮೇಜಿನ ಒಂದು ತುದಿಯಲ್ಲಿ ಮೇಡಂ ಲ್ಯಾಪ್‌ಟಾಪು, ಇನ್ನೊಂದು ತುದಿಯಲ್ಲಿ ಅವರ ಯಜಮಾನರ ಪ್ಲಾಸ್ಟರಿನ ದವಡೆಗಳು. ಯಜಮಾನರು ಹಲ್ಲಿನ ಸೆಟ್ ಕಟ್ಟುವವರು. ಊಟ ನಿಂತುಕೊಂಡೇ, ಅಡುಗೆಕಟ್ಟೆಯ ಹತ್ತಿರ.

ನಾಲ್ಕು ವಿಶ್ವವಿದ್ಯಾಲಯಗಳಲ್ಲಿ ಒಬ್ಬರು ನೂರಕ್ಕೆ ಅಂಕ ಕೊಡುವವರು, ಒಬ್ಬರು ಇಪ್ಪತ್ತಕ್ಕೆ. ಒಬ್ಬರಿಗೆ ಅಕ್ಷರವೇ ಸಾಕು. ನಾಲ್ಕನೆಯವರು, ಅಂಕ ಕೊಡುವುದೇ ವಿದ್ಯಾರ್ಥಿಗೆ ಮಾಡುವ ಅವಮಾನ ಎನ್ನುವವರು. ಇವರಲ್ಲಿ ಪರೀಕ್ಷೆ ಮುಗಿಯುವ ಮೊದಲೇ ಅವರಲ್ಲಿ ತರಗತಿ ಶುರು. ಮೇಡಂ ಎಲ್ಲವನ್ನೂ ಬೈದು, ಬೇಡಿ, ಮತ್ತೆ ಬೈದು ಸರಿಮಾಡಿದರು. ಒಂದು ಮಾತ್ರ ಉಳಿಯಿತು. ಪದವಿ ಬೇಕಾದವನು ಕೊನೆಯ ಸೆಮಿಸ್ಟರನ್ನು ತಮ್ಮಲ್ಲೇ ಓದಿರಬೇಕು ಎಂಬ ಪದ್ಧತಿ ನಾಲ್ಕೂ ಕಡೆ ಇತ್ತು. ಅದು ತಮ್ಮದೊಬ್ಬರದೇ ವಿಶೇಷ ಎಂಬ ಹೆಮ್ಮೆಯೂ ನಾಲ್ಕೂ ಕಡೆ ಇತ್ತು. ಹಾಗಾಗಿ "ಆಯಾ ವಿಶ್ವವಿದ್ಯಾಲಯದ ಪದ್ಧತಿಯಂತೆ" ಎಂದು ಒಪ್ಪಿ, ಕೈಕುಲುಕಿ, ಫೋಟೋ ತೆಗೆಸಿಕೊಂಡಿದ್ದರು.

"ನಾಲ್ಕು ದವಡೆಗೆ ಒಂದೇ ಸೆಟ್ ಮಾಡು ಅಂತಿದಾರೆ ಇವಳಿಗೆ," ಎಂದರು ಯಜಮಾನರು, ಹಲ್ಲು ಉಜ್ಜುತ್ತ, ತಮ್ಮದಲ್ಲ, ಗಿರಾಕಿಯದು.

ಮೇಡಂ ಇದನ್ನು ಮೊದಲ ಸಭೆಯಲ್ಲೇ ಹೇಳಿದ್ದರಂತೆ. ಆಮೇಲೆ ನೋಡೋಣ ಎಂದು ಕುಲಪತಿಗಳು ಎಂದಿದ್ದರಂತೆ. ಮೂರು ಸೆಮಿಸ್ಟರ್ ಕಳೆಯಿತು. ಆ 'ಆಮೇಲೆ' ಬಂದು ಬಾಗಿಲಲ್ಲಿ ನಿಂತಿತು; ನೋಡುವವರು ಮಾತ್ರ ಯಾರೂ ಇಲ್ಲ.

ಅಷ್ಟರಲ್ಲಿ ಮೇಡಂ ಮನೆಯ ಸೋಫಾಕ್ಕೆ ಆ ಹನ್ನೆರಡು ಜನರಲ್ಲಿ ಒಬ್ಬ ಹುಡುಗಿ ಬಂದಳು. ಮೂರನೇ ಸೆಮಿಸ್ಟರಿನ ಹಾಸ್ಟೆಲ್ ಮುಚ್ಚಿತ್ತು, ನಾಲ್ಕನೆಯದು ಎಲ್ಲಿ ಎಂದೇ ತೀರ್ಮಾನವಾಗಿರಲಿಲ್ಲ. ತನ್ನೂರಿನ ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ನೋಡುತ್ತಿದ್ದವಳು, ಮೇಡಂ ಮಾತು ನಂಬಿ ಕೆಲಸ ಬಿಟ್ಟು ಓದಲು ಬಂದಿದ್ದಳು. ಪದವಿ ತಂದರೆ ಅದೇ ಕಚೇರಿಯಲ್ಲಿ ಮೇಲಿನ ಹುದ್ದೆ. ಬೇಸಿಗೆಯೊಳಗೆ ತರದಿದ್ದರೆ ಆ ಹುದ್ದೆ ಬೇರೆಯವರಿಗೆ. ಹಳೆಯ ಕೆಲಸವಂತೂ ಆಗಲೇ ಕೈಬಿಟ್ಟಿತ್ತು.

"ಆಗುತ್ತಲ್ವಾ ಮೇಡಂ?" ಎಂದು ಕೇಳುತ್ತಿದ್ದಳು.

"ಆಗದೆ ಏನೇ? ಸುಮ್ನೆ ಊಟ ಮಾಡು," ಎಂದು ಮೇಡಂ ಗದರುತ್ತಿದ್ದರು. ಅವಳು ಅತ್ತ ತಿರುಗಿದರೆ ಅವರ ಮುಖ ಸಪ್ಪಗಾಗುತ್ತಿತ್ತು.

ನಾಲ್ವರು ಕುಲಪತಿಗಳೂ ಲ್ಯಾಪ್‌ಟಾಪಿನಲ್ಲಿ ಸಭೆ ಸೇರಿದ ದಿನ ನಾನು ಸ್ಕ್ರೂಡ್ರೈವರ್ ಹಿಂದಿರುಗಿಸಲು ಹೋಗಿ ಅಲ್ಲೇ ಸೋಫಾದ ತುದಿಯಲ್ಲಿ ಕುಳಿತೆ. ಪ್ರಮಾಣಪತ್ರದ ಎಡಗಡೆ ಯಾರ ಲಾಂಛನ ಬರಬೇಕು ಎಂಬ ಚರ್ಚೆ ನಡೆಯುತ್ತಿತ್ತು. ಒಬ್ಬರು, ವೃತ್ತಾಕಾರವಾಗಿ ಇಡೋಣ ಎಂದರು. ವೃತ್ತದ ಮೇಲ್ತುದಿಗೆ ಯಾರು ಎಂದು ಇನ್ನೊಬ್ಬರು. ಹನ್ನೆರಡು ಮಕ್ಕಳ ಬದುಕು ತೂಗುಯ್ಯಾಲೆಯಲ್ಲಿರುವಾಗ ಈ ಮಹಾಶಯರು ಮುಕ್ಕಾಲು ಗಂಟೆ ವೃತ್ತ ಸುತ್ತಿದರು! ಕೊನೆಗೆ ನಮ್ಮ ಕುಲಪತಿಗಳು ಎರಡನೇ ತಂಡಕ್ಕೆ ನಲವತ್ತು ಜನ ಎಂದು ಘೋಷಿಸಿ ತಾವೇ ಚಪ್ಪಾಳೆ ತಟ್ಟಿದರು.

"ಸರ್," ಎಂದರು ಮೇಡಂ, "ಮೊದಲನೇ ತಂಡ ಕೊನೇ ಸೆಮಿಸ್ಟರ್ ಎಲ್ಲಿ ಓದ್ಬೇಕು?"

"ನಮ್ಮಲ್ಲಿ," ಎಂದರು ನಾಲ್ವರೂ ಒಂದೇ ಉಸಿರಿಗೆ. ಇಡೀ ಯೋಜನೆಯಲ್ಲಿ ಅವರು ಒಂದೇ ಮಾತು ಆಡಿದ್ದು ಅದೊಂದು ಸಲ.

"ಇಂಥ ಸಣ್ಣಪುಟ್ಟದ್ದನ್ನ ನಿಮ್ಮ ಮಟ್ಟದಲ್ಲೇ ಬಗೆಹರಿಸ್ಕೋಬೇಕು ಮೇಡಂ," ಎಂದರು ನಮ್ಮ ಕುಲಪತಿಗಳು.

"ಸರಿ ಸರ್. ಹೊಸಬರನ್ನ ಸೇರಿಸ್ಕೊಳ್ಳೋಕೆ ನನ್ನ ಸಹಿ ಬೇಕಲ್ಲ? ಹಾಕಲ್ಲ."

"ನಿಮ್ಮ ಜಾಗಕ್ಕೆ ಬೇರೆಯವರನ್ನ ತರಬೇಕಾಗುತ್ತೆ."

"ತನ್ನಿ. ಅವರಿಗೂ ಇವಳನ್ನ ತೋರಿಸ್ತೀನಿ." ಮೇಡಂ ಲ್ಯಾಪ್‌ಟಾಪನ್ನು ಸರಕ್ಕನೆ ಸೋಫಾದ ಕಡೆ ತಿರುಗಿಸಿದರು. ಹುಡುಗಿ ಬಟ್ಟೆ ಮಡಚುತ್ತಿದ್ದವಳು ಹಾಗೇ ನಿಂತಳು. "ನೀವೇ ಹೇಳಿ ಇವಳಿಗೆ. ಯಾರ ಕ್ಲಾಸಲ್ಲಿ ಕೈ ಇಡ್ಬೇಕು, ಯಾರ ಕ್ಲಾಸಲ್ಲಿ ಕಾಲು? ನನ್ನ ಮಾತು ನಂಬಿ ಬಂದವಳು ಇವಳು. ನಾನು ನಿಮ್ಮ ಮಾತು ನಂಬಿದ್ದೆ, ನನ್ನ ಕರ್ಮ!"

ಮೂರನೆಯ ಕುಲಪತಿಗಳು ಗಂಟಲು ಸರಿಮಾಡಿಕೊಂಡು, ಸ್ಕ್ರೂಡ್ರೈವರ್ ಹಿಡಿದು ಕುಳಿತ ಆ ಮಹನೀಯರು ಯಾವ ವಿಶ್ವವಿದ್ಯಾಲಯದ ಪ್ರತಿನಿಧಿ ಎಂದು ವಿಚಾರಿಸಿದರು.

ಮೇಡಂ ಮಣಿಯಲಿಲ್ಲ. ಕೊನೆಯ ಸೆಮಿಸ್ಟರಿನಲ್ಲಿ ಪ್ರಬಂಧ ಬರೆಯುವುದಷ್ಟೇ ಇರಲಿ. ನಾಲ್ಕೂ ಕಡೆಯಿಂದ ಒಬ್ಬೊಬ್ಬ ಮಾರ್ಗದರ್ಶಕರಿರಲಿ. ಅದನ್ನೇ ನಾಲ್ವರೂ ತಮ್ಮಲ್ಲಿ ಓದಿದ ಹಾಗೆ ಲೆಕ್ಕಕ್ಕೆ ಹಿಡಿಯಲಿ ಎಂದು ಮೊದಲಿನಿಂದ ಹೇಳುತ್ತಿದ್ದುದನ್ನೇ ಮತ್ತೆ ಹೇಳಿದರು. ಅಷ್ಟು ದಿನ ಅಸಾಧ್ಯವಾಗಿದ್ದದ್ದು ಒಂದೇ ವಾರದಲ್ಲಿ ಸಾಧ್ಯವಾಯಿತು. ಜ್ಞಾನೋದಯವೇನೂ ಆಗಿರಲಿಲ್ಲ, ಎರಡನೇ ತಂಡದ ಉದ್ಘಾಟನೆಗೆ ಮಂತ್ರಿಗಳ ದಿನಾಂಕ ಸಿಕ್ಕಿಬಿಟ್ಟಿತ್ತು.

ಹನ್ನೆರಡೂ ಮಕ್ಕಳಿಗೆ ಪದವಿ ಸಿಕ್ಕಿತು. ಸೋಫಾದ ಹುಡುಗಿಗೆ ಹುದ್ದೆಯೂ ಉಳಿಯಿತು. ಮೇಡಂ ಅವರ ಸಂಯೋಜಕಿಯ ಸ್ಥಾನ ಹೋಯಿತು. "ತಂಡದಲ್ಲಿ ಹೊಂದಿಕೊಳ್ಳುವ ಗುಣ ಸಾಲದು" ಎಂಬುದು ಕಾರಣ. ಹೊಂದಿಕೊಂಡಿದ್ದರೆ ತಂಡವೇ ಇರುತ್ತಿರಲಿಲ್ಲ, ಇರಲಿ.

ಪದವಿ ಪ್ರದಾನದ ಸಮಾರಂಭದಲ್ಲಿ ಮೇಡಂಗೆ ಕಂಬದ ಹಿಂದಿನ ಕುರ್ಚಿ. ಕುಲಪತಿಗಳು ವೇದಿಕೆಯಲ್ಲಿ ನಿಂತು, ಎದುರಾದ ಅಡೆತಡೆಗಳನ್ನು ತಾವು ಹೇಗೆ ದೂರದೃಷ್ಟಿಯಿಂದ ನಿವಾರಿಸಿದೆವೆಂದು ವಿವರಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

"ಬಿಡಿ ಸಾರ್," ಎಂದರು ಪಕ್ಕದಲ್ಲಿದ್ದ ಯಜಮಾನರು. "ಸೆಟ್ ಹಾಕ್ಕೊಂಡೋರು ನಗುವಾಗ ಕಟ್ಟಿದೋನ ಹೆಸರು ಹೇಳ್ತಾರಾ?"

ನನಗೆ ಆ ಶಾಂತಿ ಒಗ್ಗಲಿಲ್ಲ. ಹೊರಗೆ ಬರುವಾಗ ಪತ್ರಕರ್ತನೊಬ್ಬ ಅಡ್ಡ ಬಂದ. ಹೊಸ ಸಂಯೋಜಕರು ಸಿಗದೆ ಮೇಡಂ ಮುಂದೆ ಮೈಕು ಹಿಡಿದ.

"ಮೇಡಂ, ನಾಲ್ಕು ಮಹಾನ್ ವಿಶ್ವವಿದ್ಯಾಲಯಗಳು ಒಂದಾದ ಆ ಕ್ಷಣ ಹೇಗಿತ್ತು?"

"ಗೊತ್ತಿಲ್ಲಪ್ಪ," ಎಂದರು ಮೇಡಂ. "ಒಂದಾದಾಗ ಹೇಳಿ ಕಳಿಸು, ಬಂದು ನೋಡ್ತೀನಿ."